ಅದೇ ಸೋಪು, ಅದೇ ಬೆಲೆ. ಸಂಬಳ ಮಾತ್ರ ಏಕೆ ಬೇರೆ?

ಪ್ರಶ್ನೆ: ನನ್ನ ಮಗಳು ಈ ವರ್ಷ ಬಿ.ಕಾಂ. ಮುಗಿಸಿದಳು. ಹಾಸನದಲ್ಲೇ ಎರಡು ದೊಡ್ಡ ಮಳಿಗೆಗಳವರು ಬಿಲ್ಲಿಂಗ್ ಕೆಲಸಕ್ಕೆ ಕರೆದಿದ್ದಾರೆ. ಒಂದರಲ್ಲಿ ತಿಂಗಳಿಗೆ ಕೈಗೆ 13,000 ರೂಪಾಯಿ, ಇನ್ನೊಂದರಲ್ಲಿ 17,000. ಎರಡೂ ಕಡೆ ಅದೇ ಸೋಪು, ಅದೇ ಅಡುಗೆ ಎಣ್ಣೆ. ಬೆಲೆಯಲ್ಲಿ ಒಂದೆರಡು ರೂಪಾಯಿ ಹೆಚ್ಚುಕಡಿಮೆ. ಹಾಗಿದ್ದ ಮೇಲೆ ಹೆಚ್ಚು ಕೊಡುವವರು ಎಲ್ಲಿಂದ ತಂದು ಕೊಡುತ್ತಾರೆ? ಇದರಲ್ಲಿ ಏನಾದರೂ ಮೋಸವಿರಬಹುದೇ?
– ಒಬ್ಬ ತಂದೆ, ಸಾಲಗಾಮೆ ರಸ್ತೆ, ಹಾಸನ

ಉತ್ತರ: ಹೆಚ್ಚು ಕೊಡುವವರ ಮೇಲೆ ನಿಮಗೆ ಅನುಮಾನ ಬಂದಿದೆ, ಕಡಿಮೆ ಕೊಡುವವರ ಮೇಲೆ ಬಂದಿಲ್ಲ. ನಮ್ಮ ಕಡೆ ಇದು ಮಾಮೂಲು. ಆಳಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟ ತೋಟದ ಮಾಲೀಕನನ್ನು ಪಕ್ಕದ ತೋಟದವರು 'ಕೂಲಿ ಕೆಡಿಸಿದ' ಎಂದು ಬೈಯುವುದನ್ನು, ಚಿಕ್ಕಮಗಳೂರಿನಲ್ಲಿ ಹುಟ್ಟಿ ಬೆಳೆದ ನಾನು ಚಿಕ್ಕಂದಿನಿಂದ ಕೇಳಿದ್ದೇನೆ.

ಇಪ್ಪತ್ತೆರಡು ವರ್ಷ ಇಂಥ ಮಳಿಗೆಗಳಲ್ಲಿ ದುಡಿದವನು ನಾನು. ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವುದರಿಂದ ಹಿಡಿದು ಮ್ಯಾನೇಜರ್ ಕುರ್ಚಿಯವರೆಗೆ. (ಕುರ್ಚಿ ಎಂದೆ, ಅದರಲ್ಲಿ ಕೂರಲು ಪುರುಸೊತ್ತು ಸಿಕ್ಕಿದ್ದು ಕಡಿಮೆ.) ಈಗ ಹಾಸನ, ಚಿಕ್ಕಮಗಳೂರಿನ ಕೆಲವು ಅಂಗಡಿಗಳ ಲೆಕ್ಕಪತ್ರ ನೋಡಿಕೊಡುತ್ತೇನೆ. ಆದ್ದರಿಂದ ಮೊದಲು ನಿಮ್ಮ ಎರಡು ಅಂಕಿಗಳನ್ನೇ ಒರೆಗೆ ಹಚ್ಚುತ್ತೇನೆ.

'ಕೈಗೆ' ಎಂಬುದು ಜಾರುವ ಮಾತು. 13,000 ಕೊಡುವ ಮಳಿಗೆ ವೇತನವನ್ನು 15,000 ಎಂದು ಬರೆದುಕೊಂಡಿದೆ ಎನ್ನಿ. ಅದರಲ್ಲಿ ಭವಿಷ್ಯ ನಿಧಿಗೆ ಶೇ 12ರಂತೆ 1,800 ರೂಪಾಯಿ, ಇಎಸ್‌ಐ ಎಂಬ ನೌಕರರ ಆರೋಗ್ಯ ವಿಮೆಗೆ ಶೇ 0.75ರಂತೆ 113 ರೂಪಾಯಿ ಕಡಿತವಾಗುತ್ತದೆ. ಕೈಗೆ ಬರುವುದು 13,087. ಅಷ್ಟಕ್ಕೇ ಮುಗಿಯಲಿಲ್ಲ. ಮಾಲೀಕನೂ ತನ್ನ ಪಾಲು ಕಟ್ಟಬೇಕು: ಭವಿಷ್ಯ ನಿಧಿಗೆ ಮತ್ತೆ 1,800, ಇಎಸ್‌ಐಗೆ ಶೇ 3.25ರಂತೆ 488. ನಿಮ್ಮ ಮಗಳ ಮೇಲೆ ಅವನಿಗೆ ತಗಲುವ ಖರ್ಚು 17,288 ರೂಪಾಯಿ. ಇನ್ನೊಬ್ಬರು ಇದಾವುದನ್ನೂ ಕಟ್ಟದೆ 17,000ದ ನೋಟು ಎಣಿಸಿ ಕೊಡುವವರಾದರೆ, ನೀವು ಜಿಪುಣರೆಂದುಕೊಂಡ ಮಳಿಗೆಯವರೇ 288 ರೂಪಾಯಿ ಹೆಚ್ಚು ಕೊಡುತ್ತಿದ್ದಾರೆ! ಅದರಲ್ಲಿ 3,600 ರೂಪಾಯಿ ಮಗಳ ಹೆಸರಿನಲ್ಲಿ ನಿಧಿಗೂ ಪಿಂಚಣಿಗೂ ಹೋಗುತ್ತದೆ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಇಎಸ್‌ಐ ಇದೆ.

ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಭವಿಷ್ಯ ನಿಧಿ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ 21,000 ರೂಪಾಯಿವರೆಗಿನ ವೇತನದವರಿಗೆ ಇಎಸ್‌ಐ, ಇವೆರಡೂ ಕಾನೂನಿನ ಕಟ್ಟಳೆ. ದೊಡ್ಡ ಮಳಿಗೆ ಇವುಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ತಪ್ಪಿಸಿಕೊಂಡಿದೆ ಎಂದರೆ ಸಾಮಾನ್ಯವಾಗಿ ನಡುವೆ ಒಬ್ಬ ಗುತ್ತಿಗೆದಾರನಿರುತ್ತಾನೆ. ನಿಮ್ಮ ಮಗಳು ಮಳಿಗೆಯ ಸಮವಸ್ತ್ರ ತೊಟ್ಟು ಗುತ್ತಿಗೆದಾರನ ಪುಸ್ತಕದಲ್ಲಿರುತ್ತಾಳೆ. ಈ 17,000 ಅನ್ನುವುದು ಎಲ್ಲ ಕಡಿತ ಕಳೆದ ಮೇಲೆ ಬರುವ ಹಣವಾಗಿದ್ದರೆ ಮಾತೇ ಬೇರೆ. ಆಗ ಮಳಿಗೆಗೆ ತಗಲುವ ಖರ್ಚು 21,000 ದಾಟುತ್ತದೆ. ಆ ನಾಲ್ಕು ಸಾವಿರದ ಅಂತರ ನಿಜವಾದದ್ದು. ಅದು ಎಲ್ಲಿಂದ ಬಂತು ಎಂಬ ನಿಮ್ಮ ಪ್ರಶ್ನೆಗೆ ಬೆಲೆ ಬರುವುದು ಅಲ್ಲಿಂದ.

ತಲೆಗೆ ಎಷ್ಟು ಸಂಬಳ ಎಂದು ನೌಕರರು ನೋಡುತ್ತಾರೆ. ನೂರು ರೂಪಾಯಿ ವ್ಯಾಪಾರಕ್ಕೆ ಸಂಬಳ ಎಷ್ಟು ಹೋಯಿತು ಎಂದು ಲೆಕ್ಕ ಬರೆಯುವವರು ನೋಡುತ್ತಾರೆ. ತಿಳಿಯಲೆಂದು ಒಂದು ಕಲ್ಪಿತ ಲೆಕ್ಕ: ತಿಂಗಳಿಗೆ ಒಂದು ಕೋಟಿ ವ್ಯಾಪಾರದ ಮಳಿಗೆಯಲ್ಲಿ ನಲವತ್ತು ಜನ, ತಲೆಗೆ 15,000, ಒಟ್ಟು ಆರು ಲಕ್ಷ. ಪಕ್ಕದ ಮಳಿಗೆಯಲ್ಲಿ ಮೂವತ್ತು ಜನ, ತಲೆಗೆ 20,000. ಅಲ್ಲೂ ಆರು ಲಕ್ಷವೇ. ಆದರೆ ಆ ಮೂವತ್ತು ಜನ ಒಂದು ಕೋಟಿ ಇಪ್ಪತ್ತು ಲಕ್ಷದ ವ್ಯಾಪಾರ ಮಾಡಿಸುತ್ತಾರೆ. ಮೊದಲನೆಯ ಮಳಿಗೆಯಲ್ಲಿ ನೂರಕ್ಕೆ ಆರು ರೂಪಾಯಿ ಸಂಬಳಕ್ಕೆ ಹೋದರೆ ಎರಡನೆಯದರಲ್ಲಿ ಐದೇ ರೂಪಾಯಿ. ಹೆಚ್ಚು ಸಂಬಳ ಕೊಡುವವನಿಗೆ ಸಂಬಳದ ಹೊರೆ ಕಡಿಮೆ. ಸೋಪಿನ ಬೆಲೆ ಏರಿಸುವ ಪ್ರಮೇಯವೇ ಬರಲಿಲ್ಲ.

ಹಾಗಾದರೆ ಆ ಮೂವತ್ತು ಜನ ರಾಕ್ಷಸರಂತೆ ದುಡಿಯುತ್ತಾರೆಯೇ? ಕೆಲವು ಕಡೆ ಹೌದು, ಹಿಂಡುತ್ತಾರೆ. ಅದನ್ನು ಮುಂದೆ ಹೇಳುತ್ತೇನೆ. ಆದರೆ ಬಹಳಷ್ಟು ವ್ಯತ್ಯಾಸ ಹುಟ್ಟುವುದು ಅಂಗಡಿಯನ್ನು ಕಟ್ಟಿದ ರೀತಿಯಲ್ಲಿ. ಇದಕ್ಕೆ ಲೋಕಪ್ರಸಿದ್ಧ ಉದಾಹರಣೆ, ಹೆಚ್ಚು ಸಂಬಳಕ್ಕೆ ಹೆಸರಾದ ಅಮೆರಿಕದ ಸರಪಳಿ ಮಳಿಗೆ ಕಾಸ್ಟ್‌ಕೊ. ವಾಲ್‌ಮಾರ್ಟ್‌ನ ದೊಡ್ಡ ಮಳಿಗೆಯಲ್ಲಿ ಲಕ್ಷಕ್ಕೂ ಮಿಕ್ಕಿದ ಬಗೆಯ ಸರಕುಗಳಿದ್ದರೆ ಕಾಸ್ಟ್‌ಕೊದಲ್ಲಿ ಇರುವುದು ಸುಮಾರು 4,000. ಟೊಮೆಟೊ ಸಾಸ್ ಹತ್ತು ಕಂಪನಿಯದ್ದಿರುವುದಿಲ್ಲ, ಒಂದೋ ಎರಡೋ. ಲಾರಿಯಿಂದ ಇಳಿದ ಮರದ ಹಲಗೆಯ ಸಮೇತ ಸರಕನ್ನು ಮಳಿಗೆಯೊಳಗೆ ಇಡುತ್ತಾರೆ. ಒಂದೊಂದೇ ಡಬ್ಬಿ ಎತ್ತಿ ಕಪಾಟಿನಲ್ಲಿ ಜೋಡಿಸುವ ಕೆಲಸ ಅಷ್ಟರಮಟ್ಟಿಗೆ ಉಳಿಯಿತು. ಗಿರಾಕಿ ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕಟ್ಟಿ ಒಳಗೆ ಬರಬೇಕು. 2023ರ ಆರ್ಥಿಕ ವರ್ಷದಲ್ಲಿ ಕಂಪನಿಗೆ ಸುಮಾರು 630 ಕೋಟಿ ಡಾಲರ್ ನಿವ್ವಳ ಲಾಭ ಬಂದರೆ, ಸದಸ್ಯತ್ವದ ಶುಲ್ಕವೊಂದರಿಂದಲೇ ಸುಮಾರು 460 ಕೋಟಿ ಡಾಲರ್ ಬಂದಿತ್ತು. ಸರಕಿನ ಮೇಲೆ ಅವರು ಇಡುವ ಲಾಭ ಅಷ್ಟು ತೆಳು.

ಅದೇ ವರ್ಷ ಅವರ ವಹಿವಾಟು ಸುಮಾರು 24,200 ಕೋಟಿ ಡಾಲರ್, ನೌಕರರು 3.16 ಲಕ್ಷ. ಭಾಗಿಸಿದರೆ ತಲೆಗೆ ಏಳೂವರೆ ಲಕ್ಷ ಡಾಲರ್‌ಗೂ ಹೆಚ್ಚು ವ್ಯಾಪಾರ. ವಾಲ್‌ಮಾರ್ಟ್‌ನಲ್ಲಿ 21 ಲಕ್ಷ ನೌಕರರು, 64,800 ಕೋಟಿ ಡಾಲರ್ ವಹಿವಾಟು. ತಲೆಗೆ ಮೂರು ಲಕ್ಷದ ಆಸುಪಾಸು. ಮೆಕ್ಸಿಕೊದಂಥ ಕಡಿಮೆ ಬೆಲೆಯ ದೇಶಗಳ ಮಳಿಗೆಗಳೂ ವಾಲ್‌ಮಾರ್ಟ್‌ನ ಲೆಕ್ಕದಲ್ಲಿ ಸೇರಿವೆ, ಆದ್ದರಿಂದ ಇದು ಸಮಸಮ ತಕ್ಕಡಿಯಲ್ಲ. ಅದನ್ನು ಕಳೆದರೂ ಅಂತರ ದೊಡ್ಡದೇ. ಕಾಸ್ಟ್‌ಕೊದ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತವಳ ಕೈದಾಟಿ ಹೋಗುವ ಹಣ ಅಷ್ಟು ಹೆಚ್ಚು. ಅವಳ ಸಂಬಳ ಹೆಚ್ಚಿದ್ದರೂ ಆ ಹಣದಲ್ಲಿ ಅದು ಸಣ್ಣ ತುಣುಕು.

ಇಷ್ಟು ಕೇಳಿದರೆ ಎಲ್ಲವೂ ಅಂಗಡಿಯ ವಿನ್ಯಾಸದ ಮಹಿಮೆ, ಮಾಲೀಕನ ಮನಸ್ಸಿಗೆ ಇದರಲ್ಲಿ ಪಾಲಿಲ್ಲ ಎನ್ನಿಸಬಹುದು. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. ಆ ನಂಬಿಕೆಯನ್ನು ಅಲುಗಾಡಿಸಿದ್ದು ಈ ಕಥೆಯ ಹಿಂದಿನ ಕಥೆ. ಸದಸ್ಯತ್ವದ ಗೋದಾಮು ಅಂಗಡಿ ಎಂಬ ಕಲ್ಪನೆಯನ್ನು ಹುಟ್ಟುಹಾಕಿದವರು ಸೋಲ್ ಪ್ರೈಸ್ ಎಂಬ ವಕೀಲರು. 1976ರಲ್ಲಿ ಸ್ಯಾನ್ ಡಿಯಾಗೊ ನಗರದಲ್ಲಿ 'ಪ್ರೈಸ್ ಕ್ಲಬ್' ತೆರೆದರು. ಅವರ ಕೈಕೆಳಗೆ ಪಳಗಿದ ಜಿಮ್ ಸಿನೆಗಲ್, ಜೆಫ್ರಿ ಬ್ರಾಟ್‌ಮನ್ ಜೊತೆ ಸೇರಿ 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್‌ಕೊ ಆರಂಭಿಸಿದರು. ಅದೇ 1983ರಲ್ಲಿ, ಅದೇ ಪ್ರೈಸ್ ಅವರ ಉಪಾಯವನ್ನು ಮೆಚ್ಚಿ ಎರವಲು ಪಡೆದು, ವಾಲ್‌ಮಾರ್ಟ್‌ನ ಸ್ಯಾಮ್ ವಾಲ್ಟನ್ 'ಸ್ಯಾಮ್ಸ್ ಕ್ಲಬ್' ತೆರೆದರು. ಒಂದೇ ಗುರು, ಒಂದೇ ವರ್ಷ, ಒಂದೇ ಬಗೆಯ ಅಂಗಡಿ, ಅದೇ ಸದಸ್ಯತ್ವದ ಶುಲ್ಕ. ಹಾಗಿದ್ದರೂ ದಶಕಗಳ ಕಾಲ ಕಾಸ್ಟ್‌ಕೊದ ಸಂಬಳ ಮೇಲೆ, ಸ್ಯಾಮ್ಸ್ ಕ್ಲಬ್‌ನದು ಕೆಳಗೆ. ವಿನ್ಯಾಸದಿಂದ ಹೆಚ್ಚು ಕೊಡಲು ಜಾಗ ಸಿಗುತ್ತದೆ, ನಿಜ. ಕೊಡುವುದೋ ಬಿಡುವುದೋ ಎಂಬುದನ್ನು ಮಾತ್ರ ಮಾಲೀಕರೇ ತೀರ್ಮಾನಿಸಬೇಕು.

ನಮ್ಮಲ್ಲೂ ಉಳಿತಾಯವೆಲ್ಲ ಸಂಬಳಕ್ಕೇ ಹೋಗಬೇಕೆಂದಿಲ್ಲ. 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದ ಡಿಮಾರ್ಟ್, ಕಟ್ಟಡಗಳನ್ನು ಬಾಡಿಗೆಗೆ ಹಿಡಿಯುವುದಕ್ಕಿಂತ ಕೊಂಡುಕೊಳ್ಳುವುದನ್ನೇ ನೆಚ್ಚಿಕೊಂಡು ಬೆಳೆಯಿತು. ಬಾಡಿಗೆ ಉಳಿದರೆ ಆ ಹಣದಿಂದ ಗಿರಾಕಿಗೆ ಬೆಲೆ ಇಳಿಸಬಹುದು, ಹೊಸ ಮಳಿಗೆ ಕಟ್ಟಬಹುದು, ಷೇರುದಾರರಿಗೆ ಲಾಭ ತೋರಿಸಬಹುದು, ನೌಕರರಿಗೂ ಕೊಡಬಹುದು. ನಾಲ್ಕು ಜನ ಕೈಚಾಚಿ ನಿಂತ ಪಂಕ್ತಿಯಲ್ಲಿ ನೌಕರರು ಕೊನೆಯ ಎಲೆಯವರು. ಅಷ್ಟು ಹೊತ್ತಿಗೆ ಪಾಯಸ ಉಳಿದಿದ್ದರೆ ಉಂಟು.

ಇನ್ನು ನಾನು ಕಣ್ಣಾರೆ ಕಂಡದ್ದು. ಜನ ಬಿಟ್ಟು ಹೋಗುವುದರ ಖರ್ಚು. ಇದು ಯಾವ ಲೆಕ್ಕದ ಪುಸ್ತಕದಲ್ಲೂ ಒಂದು ಸಾಲಾಗಿ ಇರುವುದಿಲ್ಲ, ಆದ್ದರಿಂದಲೇ ಮಾಲೀಕರ ಕಣ್ಣಿಗೆ ಬೀಳುವುದಿಲ್ಲ.

ನಾನು ಮ್ಯಾನೇಜರ್ ಆಗಿದ್ದ ಒಂದು ಸರಪಳಿ ಮಳಿಗೆಯಲ್ಲಿ (ಹೆಸರು ಬೇಡ) ದೀಪಾವಳಿಗೆ ಮೂರು ವಾರವಿರುವಾಗ ಬಿಲ್ಲಿಂಗ್‌ನ ಏಳು ಹುಡುಗಿಯರಲ್ಲಿ ನಾಲ್ವರು ಒಟ್ಟಿಗೆ ಬಿಟ್ಟರು. ಊರಿಗೆ ಹೊಸದಾಗಿ ಬಂದ ಇನ್ನೊಂದು ಅಂಗಡಿ ಸಾವಿರದ ಐನೂರು ಹೆಚ್ಚು ಕೊಟ್ಟಿತ್ತು. ಅಷ್ಟೇ ಏರಿಸಿ ಉಳಿಸಿಕೊಳ್ಳೋಣ ಎಂದು ಮೇಲಿನವರಿಗೆ ಬರೆದೆ. 'ಬಜೆಟ್ ಇಲ್ಲ, ಹೊಸಬರನ್ನು ತೆಗೆದುಕೊಳ್ಳಿ' ಎಂದರು. ತೆಗೆದುಕೊಂಡೆ. ಹೊಸ ಹುಡುಗಿಯರಿಗೆ ತರಕಾರಿಯ ಕೋಡ್ ಬಾಯಿಗೆ ಬರುವುದಿಲ್ಲ. ಬೀನ್ಸ್ ತೂಗಿ ಎಲೆಕೋಸಿನ ಬಿಲ್ ಹಾಕುತ್ತಾರೆ. ಸಾಲು ಬಾಗಿಲಿನವರೆಗೆ ಬೆಳೆಯಿತು. ತುಂಬಿದ ಬುಟ್ಟಿಯನ್ನು ಅಲ್ಲೇ ನೆಲದ ಮೇಲೆ ಇಟ್ಟು ಹೊರಟ ಗಿರಾಕಿಗಳನ್ನು ನೋಡುತ್ತ ನಿಂತೆ. ಅದಕ್ಕಿಂತ ದೊಡ್ಡ ನಷ್ಟ ಒಳಗಿತ್ತು: ಗೋದಾಮಿನಲ್ಲಿ ತುಪ್ಪದ ಪೆಟ್ಟಿಗೆಗಳಿದ್ದವು, ಕಪಾಟಿನಲ್ಲಿ ಇರಲಿಲ್ಲ. ಯಾವ ಮೂಲೆಯಲ್ಲಿ ಏನಿದೆ ಎಂದು ತಿಳಿದಿದ್ದವಳು ಹೋಗಿದ್ದಳು. ಹಬ್ಬ ಮುಗಿದ ಮೇಲೆ ಆ ತುಪ್ಪ ಸಿಕ್ಕಿತು. ಕೊನೆಗೆ ಅರ್ಧ ಬೆಲೆಗೆ ಮಾರಿದೆವು. ನಾಲ್ವರಿಗೆ ಹೆಚ್ಚಿಸಬೇಕಾಗಿದ್ದದ್ದು ತಿಂಗಳಿಗೆ ಆರು ಸಾವಿರ ರೂಪಾಯಿ.

ಇದೇನು ಹೊಸ ಸಂಗತಿಯಲ್ಲ. ಕಾರು ತಯಾರಿಸುವ ಹೆನ್ರಿ ಫೋರ್ಡ್ 1913ರಲ್ಲಿ ಸುಮಾರು 14,000 ಆಳುಗಳ ಕಾರ್ಖಾನೆ ನಡೆಸಲು ವರ್ಷದಲ್ಲಿ 52,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಬಂದವರು ಬಂದಂತೆ ಹೋಗುತ್ತಿದ್ದರು. 1914ರ ಜನವರಿಯಲ್ಲಿ ಅವರು ದಿನಕ್ಕೆ ಐದು ಡಾಲರ್ ಘೋಷಿಸಿದಾಗ ಅದು ಆವರೆಗಿನ ಕೂಲಿಯ ಹತ್ತಿರ ಹತ್ತಿರ ಎರಡರಷ್ಟು. ಜನ ನಿಂತರು. ಫೋರ್ಡ್ ದಾನಿಯಾಗಿದ್ದರು ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ, ಲೆಕ್ಕ ಬಲ್ಲವರಾಗಿದ್ದರು.

ಹಾಗೆಂದು ಸಂಬಳ ಏರಿಸಿದ ಮಾತ್ರಕ್ಕೆ ಮಳಿಗೆ ಉದ್ಧಾರವಾಗುವುದಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಝೇನೆಪ್ ಟನ್ ಈ ವಿಷಯವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಕಾಸ್ಟ್‌ಕೊ, ಸ್ಪೇನಿನ ಮರ್ಕಡೋನಾದಂಥ ಸರಪಳಿಗಳನ್ನು ನೋಡಿ ಅವರು ಹೇಳುವುದಿಷ್ಟು: ಸರಕಿನ ಬಗೆಗಳನ್ನು ಕಡಿಮೆ ಮಾಡಬೇಕು, ಕೆಲಸದ ಕ್ರಮ ನಿಗದಿಪಡಿಸಿ ತೀರ್ಮಾನದ ಅಧಿಕಾರವನ್ನು ನೌಕರರಿಗೆ ಕೊಡಬೇಕು, ಒಬ್ಬೊಬ್ಬರಿಗೆ ಎರಡು ಮೂರು ಕೆಲಸ ಕಲಿಸಬೇಕು, ಬೇಕಾದಷ್ಟಕ್ಕಿಂತ ತುಸು ಹೆಚ್ಚೇ ಜನರನ್ನು ಇಟ್ಟುಕೊಳ್ಳಬೇಕು. ಇವು ಕೂಡಿಬಂದರೆ ಮಾತ್ರ ಹೆಚ್ಚಿನ ಸಂಬಳ ಗಿಟ್ಟುತ್ತದೆ. ಕೊನೆಯ ಮಾತು ನಮ್ಮ ಮಾಲೀಕರಿಗೆ ಹಿಡಿಸುವುದೇ ಇಲ್ಲ. ಮಧ್ಯಾಹ್ನ ಮೂರಕ್ಕೆ ಖಾಲಿ ಕೌಂಟರಿನಲ್ಲಿ ಒಬ್ಬಳು ನಿಂತಿದ್ದರೆ ಅವರ ಹೊಟ್ಟೆ ಉರಿಯುತ್ತದೆ. ಅವಳು ಆ ಹೊತ್ತಿನಲ್ಲಿ ಅವಧಿ ಮುಗಿಯುತ್ತಿರುವ ಮೊಸರಿನ ಪೊಟ್ಟಣಗಳನ್ನು ಮುಂದಕ್ಕೆ ತಂದಿಡುತ್ತಾಳೆ ಎಂಬುದು ಹೊಳೆಯುವುದಿಲ್ಲ.

ಇಷ್ಟು ಲಾಭವಿದ್ದರೆ ಎಲ್ಲರೂ ಏಕೆ ಹೀಗೆ ಮಾಡುವುದಿಲ್ಲ? ಖರ್ಚು ಇಂದು ಕಾಣುತ್ತದೆ, ಲಾಭ ನಾಳಿದ್ದು ಬರುತ್ತದೆ. ನಡುವೆ ಕಾಯುವ ಎದೆಗಾರಿಕೆ ಬೇಕು. ವಾಲ್‌ಮಾರ್ಟ್ 2015ರ ಏಪ್ರಿಲ್‌ನಲ್ಲಿ ತನ್ನ ಕನಿಷ್ಠ ಕೂಲಿಯನ್ನು ಗಂಟೆಗೆ 9 ಡಾಲರ್‌ಗೆ, ಮರುವರ್ಷ 10ಕ್ಕೆ ಏರಿಸಿತು. ಆ ಖರ್ಚಿನಿಂದ ಲಾಭ ಇಳಿಯಲಿದೆ ಎಂದು 2015ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ದಿನವೇ ಷೇರಿನ ಬೆಲೆ ಶೇ 10ರಷ್ಟು ಕುಸಿಯಿತು. ಮೂರು ತಿಂಗಳಿಗೊಮ್ಮೆ ಷೇರುಪೇಟೆಗೆ ಮುಖ ತೋರಿಸಬೇಕಾದ ಅಧಿಕಾರಿ ಇದನ್ನು ನೋಡಿ ಬೆದರದೆ ಇರುತ್ತಾನೆಯೇ? ಬ್ರಿಟನ್ನಿನ ಜಾನ್ ಲೂಯಿಸ್‌ನಲ್ಲಿ ನೌಕರರೇ ಪಾಲುದಾರರು, ಷೇರುಪೇಟೆಯ ಕಾಟವಿಲ್ಲ. ಆದರೂ ವ್ಯಾಪಾರ ಸೊರಗಿದ ಮೇಲೆ 2021ರಲ್ಲಿ ಬೋನಸ್ ನಿಂತಿತು, 1953ರ ನಂತರ ಮೊದಲ ಬಾರಿಗೆ. ಒಡೆತನ ಯಾರದ್ದಾದರೂ ಗಲ್ಲಾಪೆಟ್ಟಿಗೆ ಖಾಲಿಯಾದರೆ ಮಾಡುವುದೇನು?

ಅಮೆರಿಕ ಸಾಕು, ಹಾಸನಕ್ಕೆ ಬರುತ್ತೇನೆ. ಇಲ್ಲಿ ಸಂಬಳದ ಮಟ್ಟವನ್ನು ಮಳಿಗೆ ಒಂದೇ ತೀರ್ಮಾನಿಸುವುದಿಲ್ಲ, ಪಕ್ಕದಲ್ಲಿ ಇನ್ನಾರು ಕೆಲಸ ಕೊಡುತ್ತಾರೆ ಎಂಬುದೂ ತೀರ್ಮಾನಿಸುತ್ತದೆ. ಜವಳಿ ಕಾರ್ಖಾನೆಯ ವಾಹನ ಹಳ್ಳಿಯ ಬಾಗಿಲಿಗೆ ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯುವಾಗ, ಅದಕ್ಕಿಂತ ಕಡಿಮೆ ಕೊಡುವ ಮಳಿಗೆಗೆ ಯಾರು ಬಂದಾರು? ಒಂದೇ ಒಂದು ದೊಡ್ಡ ಮಳಿಗೆಯಿರುವ ತಾಲ್ಲೂಕು ಊರಿನಲ್ಲಿ ಈ ಭಯವಿಲ್ಲ; ಅಲ್ಲಿ ಸಂಬಳ ಸರ್ಕಾರದ ಕನಿಷ್ಠ ವೇತನದ ನೆಲಕ್ಕೆ ಅಂಟಿಕೊಂಡಿರುತ್ತದೆ. ಆ ನೆಲವೂ ಎಲ್ಲ ಕಡೆ ಒಂದೇ ಎತ್ತರದಲ್ಲಿಲ್ಲ: ಕರ್ನಾಟಕದಲ್ಲಿ ಬೆಂಗಳೂರಿಗೆ ಒಂದು ದರ, ಊರು ಚಿಕ್ಕದಾದಂತೆ ದರ ಇಳಿಯುತ್ತದೆ. ಒಂದೇ ಕಂಪನಿ, ಒಂದೇ ಸಮವಸ್ತ್ರ, ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಸಂಬಳ ಎಂಬುದಕ್ಕೆ ಇದೂ ಒಂದು ಕಾರಣ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲವಾದ ಮೇಲೆ ಒಂದು ಬದಲಾವಣೆಯನ್ನು ಗಮನಿಸಿದ್ದೇನೆ. ಬೇಲೂರಿನ, ಆಲೂರಿನ ಹುಡುಗಿಯರು ಹಾಸನದ ಕೆಲಸವನ್ನು ತಮ್ಮ ಊರಿನ ಕೆಲಸದ ಜೊತೆ ತೂಗಿ ನೋಡುತ್ತಿದ್ದಾರೆ. ಬಸ್ಸಿನ ಖರ್ಚು ತಕ್ಕಡಿಯಿಂದ ಹೊರಹೋಯಿತು, ಅಷ್ಟರಮಟ್ಟಿಗೆ ಊರಿನ ಮಾಲೀಕನ ಹಿಡಿತ ಸಡಿಲಾಯಿತು. ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ಬರೆದಿದ್ದರು: ಕೊಳ್ಳುವವನು ಒಬ್ಬನೇ ಆದರೆ ದುಡಿಮೆಗೆ ತಕ್ಕ ಬೆಲೆ ಸಿಗುವುದಿಲ್ಲ ಎಂದು. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ಕುಯ್ಲಿನ ಕಾಲದಲ್ಲಿ ಅಕ್ಕಪಕ್ಕದ ತೋಟಗಳೆಲ್ಲ ಆಳಿಗಾಗಿ ಪರದಾಡುವಾಗ ಕೂಲಿ ತಾನಾಗಿ ಏರುತ್ತದೆ. ಜಿಪುಣ ಮಾಲೀಕನ ತೋಟದಲ್ಲಿ ಹಣ್ಣಿನ ಜೊತೆ ಕಾಯಿಯನ್ನೂ ತರಿದು ಚೀಲ ತುಂಬುತ್ತಾರೆ, ರೈಟರ್ ಎಷ್ಟು ಕೂಗಿದರೂ ಅಷ್ಟೇ.

ಈಗ, ಹಿಂಡುವ ಮಳಿಗೆಯ ವಿಚಾರ. ಹೆಚ್ಚಿನ ಸಂಬಳದ ಹಿಂದೆ ಹನ್ನೆರಡು ಗಂಟೆಯ ದುಡಿಮೆ ಅಡಗಿರಬಹುದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ (1961) ಹೇಳುವುದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ; ಮೀರಿದರೆ ಎರಡರಷ್ಟು ಕೂಲಿ. 17,000ವನ್ನು ಹನ್ನೆರಡು ಗಂಟೆಗೆ, 13,000ವನ್ನು ಒಂಬತ್ತು ಗಂಟೆಗೆ ಹಂಚಿ ನೋಡಿ: ಗಂಟೆಯ ಲೆಕ್ಕದಲ್ಲಿ 13,000ವೇ ಮುಂದು. ಇನ್ನೊಂದು 'ಶಾರ್ಟೇಜ್'. ದಿನದ ಕೊನೆಗೆ ಗಲ್ಲಾಪೆಟ್ಟಿಗೆಯಲ್ಲಿ ಕೊರತೆ ಬಂದರೆ ಬಿಲ್ಲಿಂಗ್‌ನವಳ ಸಂಬಳದಿಂದ ಕತ್ತರಿಸುತ್ತಾರೆ. ಕೆಲವು ಕಡೆ ಮಳಿಗೆಯಲ್ಲಿ ಕಳುವಾದದ್ದನ್ನೂ ಎಲ್ಲರ ಮೇಲೆ ಹಂಚುತ್ತಾರೆ. ನಾನು ದುಡಿದ ಒಂದು ಕಡೆ ಇದನ್ನು ನಾನೇ ಸಹಿ ಹಾಕಿ ಕತ್ತರಿಸಬೇಕಾಗಿತ್ತು. ಈಗ ನೆನೆದರೂ ಮುಜುಗರ. ಮತ್ತೆ, ಕೂರಲು ಬಿಡುತ್ತಾರೆಯೇ? ನೆರೆಯ ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ನೌಕರರಿಗೆ ಕೂರುವ ಆಸನ ಕೊಡಬೇಕೆಂದು ಕಾನೂನನ್ನೇ ತಿದ್ದಬೇಕಾಯಿತು. ಜರ್ಮನಿಯ ಆಲ್ಡಿ ಮಳಿಗೆಗಳಲ್ಲಿ ಬಿಲ್ ಮಾಡುವವರು ಕೂತೇ ಇರುತ್ತಾರೆ, ಅವರ ವೇಗವೇನೂ ಕಡಿಮೆಯಿಲ್ಲ.

ನೇಮಕಾತಿ ಪತ್ರ ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ. ಪತ್ರದಲ್ಲಿ ಯಾರ ಹೆಸರಿದೆ, ಮಳಿಗೆಯದೋ ಗುತ್ತಿಗೆದಾರನದೋ, ನೋಡಿ. ಅದರಲ್ಲಿ ಅವಧಿ ನಮೂದಿಸಿದ್ದರೆ ಹೆದರಬೇಡಿ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ತುಂಬಿದರೆ ಗ್ರಾಚುಯಿಟಿ (ಕೆಲಸ ಬಿಡುವಾಗ ಮಾಲೀಕ ಕೊಡುವ ಇಡಿಗಂಟು) ಸಿಗುವ ಅವಕಾಶವನ್ನೂ ಅದೇ ಸಂಹಿತೆಗಳು ಕಲ್ಪಿಸಿವೆ.

ಕೊನೆಗೆ, ಒಂದು ಮಂಗಳವಾರ ಮಧ್ಯಾಹ್ನ ಎರಡೂ ಮಳಿಗೆಗಳಿಗೆ ಹೋಗಿ ಬನ್ನಿ. ಆ ಹೊತ್ತಿನಲ್ಲಿ ಜನ ಕಡಿಮೆ. ಏನಾದರೂ ಸಣ್ಣದನ್ನು ಕೊಂಡು, ಬಿಲ್ ಮಾಡುವವರನ್ನು ಎಷ್ಟು ವರ್ಷವಾಯಿತಮ್ಮ ಇಲ್ಲಿ ಎಂದು ಕೇಳಿ. ಶಾಂಪೂ ಸಾಲಿನಲ್ಲಿ ಬೇರೆ ಬಣ್ಣದ ಸಮವಸ್ತ್ರ ತೊಟ್ಟು ನಿಂತವರನ್ನು ಕೇಳಬೇಡಿ. ಅವರಿಗೆ ಸಾಮಾನ್ಯವಾಗಿ ಸಂಬಳ ಕೊಡುವುದು ಶಾಂಪೂ ಕಂಪನಿ. ಮೂವರಲ್ಲಿ ಇಬ್ಬರು ಎರಡು ವರ್ಷ ದಾಟಿದ್ದರೆ ಆ ಮಳಿಗೆಗೆ ಮಗಳನ್ನು ಸೇರಿಸಿ, ಸಂಬಳ ಸಾವಿರ ಕಡಿಮೆಯಿದ್ದರೂ. ಎಲ್ಲರೂ 'ಹೋದ ತಿಂಗಳು ಸೇರಿದೆ' ಎಂದರೆ ಹೊರಗೆ ಬನ್ನಿ. ರಾತ್ರಿ ಎಷ್ಟು ಗಂಟೆಗೆ ಬಿಡುತ್ತಾರೆ ಎಂದೂ ಕೇಳಿಕೊಳ್ಳಿ. ಬಾಗಿಲು ಹಾಕುವುದು ಒಂಬತ್ತೂವರೆಗಾದರೂ ಗಲ್ಲಾಪೆಟ್ಟಿಗೆಯ ಹಣ ಎಣಿಸಿ ಲೆಕ್ಕ ಒಪ್ಪಿಸುವಷ್ಟರಲ್ಲಿ ಹತ್ತಾಗುತ್ತದೆ, ಸಾಲಗಾಮೆ ರಸ್ತೆಯ ಕಡೆಗೆ ಆಗ ಬಸ್ ಇದೆಯೋ ಇಲ್ಲವೋ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.